ಬೆಲ್ಲಮ್ಮನವರ ಮೇಷ್ಟ್ರು

ಮನುಷ್ಯರನ್ನೆಲ್ಲ ‘ಬಾಲಾ’, ‘ಹೋಗಲೇ’ ಎಂದು ಮಾತಾಡಿಸುತ್ತ, ನಾಯಿಗಳನ್ನು ಮಾತ್ರ ‘ಬನ್ನಿ’, ‘ಕುಂತ್ಕಳಿ’ ಎಂದು ಕರೆಯುತ್ತಿದ್ದ ಒಬ್ಬರು ಹೋದ ತಿಂಗಳು ಹಾರನಹಳ್ಳಿಯಲ್ಲಿ ತೀರಿಕೊಂಡರು. ಅವರ ಹೆಸರು ಹೇಳಿದರೆ ಹುಣಸೂರಿನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ನಾಯಿ ಮೇಷ್ಟ್ರು ಎಂದರೆ ಕಾಡಂಚಿನ ಹಾಡಿಯಿಂದ ಸಂತೆಗೆ ಬಂದವರಿಗೂ ಗೊತ್ತು. ಆ ಹೆಸರು ಅವರಿಗೆ ಅಷ್ಟಾಗಿ ಸೇರುತ್ತಿರಲಿಲ್ಲ. “ಡ್ರಿಲ್ ಮೇಷ್ಟ್ರು ಅಂತಾರೆ, ನಾಟ್ಕದ ಮೇಷ್ಟ್ರು ಅಂತಾರೆ, ಅವ್ರಿಗೆಲ್ಲ ಒಂದು ಮರ್ವಾದಿ ಅದೆ. ನನ್ ಅಣೇಬರ ನೋಡಿ ಟೀಚರಮ್ಮ” ಎನ್ನುತ್ತಿದ್ದರು. ನಾನು ಶಾಲೆಯಲ್ಲಿ ಪಾಠ ಮಾಡುವವಳಾದ್ದರಿಂದ ನನಗೆ ‘ಲಾ’, ‘ಲೇ’ಗಳಿಂದ ರಿಯಾಯಿತಿ ಇತ್ತು. ನಾಯಿಗಳ ಸಾಲಿನಲ್ಲಿ ನನ್ನನ್ನೂ ಸೇರಿಸಿಕೊಂಡಿದ್ದರು ಎಂದೂ ಹೇಳಬಹುದು.

ಅವರ ಪರಿಚಯವಾಗಲು ಕಾರಣ ನನ್ನ ಕಣ್ಣು. ಕಣ್ಣಿನ ನರ ಒಣಗುವ ಕಾಯಿಲೆ ಬಂದು ನೋಡನೋಡುತ್ತಲೇ ಎರಡೂ ಕಣ್ಣಿನ ಬೆಳಕು ಹೋಯಿತು. ಕಣ್ಣು ಹೋದರೆ ಇನ್ನೇನೇನು ಹೋಗುತ್ತದೆ ಎಂದು ಡಾಕ್ಟರು ವಿವರವಾಗಿ ಹೇಳಿದ್ದರು. ನನ್ನ ಬಲಗೈ ಊರಿನ ಸಾರ್ವಜನಿಕ ಆಸ್ತಿಯಾಗುತ್ತದೆ ಎಂಬುದನ್ನು ಮಾತ್ರ ಹೇಳಿರಲಿಲ್ಲ. ರಸ್ತೆ ಬದಿಯಲ್ಲಿ ಸುಮ್ಮನೆ ನಿಂತಿದ್ದರೂ ಸರಿ, ಯಾರೋ ಬಂದು ತೋಳು ಹಿಡಿದು ಆಚೆಗೆ ದಾಟಿಸಿ, ಪುಣ್ಯ ಕಟ್ಟಿಕೊಂಡು ಹೋಗಿಬಿಡುತ್ತಿದ್ದರು. ನಾನು ಮತ್ತೆ ಈಚೆಗೆ ಬರಲು ಇನ್ನೊಬ್ಬ ಪುಣ್ಯಾತ್ಮನಿಗೆ ಕಾಯಬೇಕು. ಒಮ್ಮೆ ಕೆ.ಆರ್. ನಗರದ ಬಸ್ಸಿಗೆ ಕಾಯುತ್ತಿದ್ದವಳನ್ನು ಪಿರಿಯಾಪಟ್ಟಣದ ಬಸ್ಸಿಗೆ ಹತ್ತಿಸಿ, ಜಗಳವಾಡಿ ಸೀಟು ಕೊಡಿಸಿ, ‘ಹುಷಾರು ಕಣಮ್ಮ’ ಎಂದು ಕಂಡಕ್ಟರಿಗೆ ಒಪ್ಪಿಸಿ ಹೋದವರೂ ಇದ್ದಾರೆ.

ಕೆ.ಆರ್. ನಗರದಲ್ಲಿ ನನ್ನ ಅಣ್ಣನ ಮನೆ. ಅಣ್ಣ ಒಳ್ಳೆಯವನು, ತೊಂದರೆ ಇದ್ದದ್ದೇ ಅಲ್ಲಿ. ನಾನು ಕೆಲಸ ಬಿಟ್ಟು ಬರುತ್ತೇನೆ ಎಂದು ತಾನೇ ತೀರ್ಮಾನಿಸಿ ಹಿಂದಿನ ಕೋಣೆಯಲ್ಲಿ ಮಂಚ ಹಾಕಿಸಿದ್ದ, ಫ್ಯಾನು ಹಾಕಿಸಿದ್ದ, ತಲೆದಿಂಬಿನ ಪಕ್ಕ ರೇಡಿಯೋ ಇಡಿಸಿದ್ದ. ಅಲ್ಲಿಗೆ ಹೋದಾಗಲೆಲ್ಲ ನನ್ನನ್ನು ಆ ಮಂಚದ ಮೇಲೆ ಕೂರಿಸಿ, “ಎಂಗದೆ?” ಎಂದು ಕೇಳುತ್ತಿದ್ದ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟಿನ ಬಗ್ಗೆ ಹೇಳುವಂತೆ ನಾನೂ “ಚೆನ್ನಾಗಿದೆ” ಎನ್ನುತ್ತಿದ್ದೆ. ಕೊನೆಗೆ ಒಂದು ದಿನ ಅವನು ಕರಾರು ಹಾಕಿದ. “ನೋಡವ್ವ, ಯಾರ ಕೈಯೂ ಇಡ್ಕಳ್ದೆ ನಿನ್ ಪಾಡಿಗೆ ನೀನು ಇಸ್ಕೂಲಿಗೋಗಿ ಬತ್ತೀನಿ ಅಂದ್ರೆ ಹುಣಸೂರಲ್ಲೇ ಇರು. ಆಗ್ನಿಲ್ಲ ಅಂದ್ರೆ ಬೇಸ್ಗೆ ರಜಕ್ಕೆ ಗಂಟು ಮೂಟೆ ಕಟ್ಕಂಡು ಬಂದ್ಬುಡು.” ಬಿಳಿ ಕೋಲು ಹಿಡಿದು ಪ್ರಯತ್ನಿಸಿದೆ. ನಮ್ಮ ಊರಿನ ಫುಟ್‌ಪಾತಿನಲ್ಲಿ ನಡೆಯುವವರಿಗೆ ಬಿಟ್ಟು ಮಿಕ್ಕ ಎಲ್ಲದಕ್ಕೂ ಜಾಗವಿದೆ. ಕೆಳಗಿನ ಬಾಳೆಗೊನೆ ಕೋಲಿಗೆ ಸಿಗುತ್ತಿತ್ತು, ಮೇಲಿನ ಲಾರಿ ಬಾಗಿಲು ಹಣೆಗೆ ಸಿಗುತ್ತಿತ್ತು.

ಆಗ ಯಾರೋ ಹೇಳಿದರು, ವೀರನಹೊಸಹಳ್ಳಿ ರಸ್ತೆಯಲ್ಲಿ ಒಂದು ಟ್ರಸ್ಟಿನವರು ಅಂಗವಿಕಲರಿಗೆಂದು ನಾಯಿಗಳನ್ನು ತಯಾರು ಮಾಡುತ್ತಾರೆ ಎಂದು. ಕಿವಿ ಕೇಳದವರಿಗೆ ಬಾಗಿಲು ತಟ್ಟಿದ್ದನ್ನು ತಿಳಿಸುವ ನಾಯಿ, ಗಾಲಿಕುರ್ಚಿಯವರಿಗೆ ಬಿದ್ದದ್ದನ್ನು ಎತ್ತಿಕೊಡುವ ನಾಯಿ, ನನ್ನಂಥವರಿಗೆ ದಾರಿ ತೋರಿಸುವ ನಾಯಿ. ಹೋದೆ. ಮೊದಲು ಕೇಳಿದ್ದು ಒಂದು ದಪ್ಪ ದನಿ, ಮೂಗಿಗೆ ಬಂದದ್ದು ಹೊಗೆಸೊಪ್ಪಿನ ಘಾಟು. “ನನ್ಗೆ ದೊಡ್ಡ ಮೀಸೆ ಅದೆ ಟೀಚರಮ್ಮ. ನಿಮ್ಗೆ ಕಾಣಾಕಿಲ್ವಲ್ಲ, ಅದ್ಕೇ ಯೋಳ್ತಾ ಇವ್ನಿ” ಎಂದರು. ತನ್ನ ಮೀಸೆಯನ್ನು ಕುರುಡಿಗೂ ಬಾಯಿಬಿಟ್ಟು ತೋರಿಸಿದ ಗಂಡಸನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಜಂಬ ಅವರಿಗೆ ಮೈತುಂಬ ಇತ್ತು. ಮೊದಲು ಅರಣ್ಯ ಇಲಾಖೆಯ ನಾಯಿಗಳನ್ನು ನೋಡಿಕೊಂಡಿದ್ದವರು. ಕಾಕನಕೋಟೆಯಲ್ಲಿ ಗಂಧದ ಕಳ್ಳನನ್ನು ಹಿಡಿದ ಕಥೆಯನ್ನು ನನಗೆ ಹಲವು ಸಲ ಹೇಳಿದ್ದಾರೆ. ಮೊದಲ ಸಲ ಕಳ್ಳ ಒಬ್ಬನೇ ಇದ್ದ. ಮುಂದಿನ ಸಲ ಅವನ ಭಾವಮೈದುನ ಸೇರಿಕೊಂಡ. ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಗುಂಪೇ ಆಗಿ, ಜೊತೆಗೊಂದು ಒಂಟಿ ಸಲಗವೂ ಬಂದು ನಿಂತಿತು. “ಆನೆ ಹೋದ್ಸಲ ಇರ್ಲಿಲ್ವಲ್ಲ ಮೇಷ್ಟ್ರೇ?” ಎಂದರೆ, “ಇತ್ತು, ನಾನು ನೋಡಿರ್ನಿಲ್ಲ” ಎಂದರು.

ನಾಯಿಗಳಿಗೆ ಬಹುವಚನ ಯಾಕೆ ಎಂದು ಕೇಳಿದ್ದೆ. ಅದರಲ್ಲಿ ಅವರಿಗೆ ಎರಡು ಕಾರಣಗಳಿದ್ದವು. ಬೀದಿಯಲ್ಲಿ ದಿನವೆಲ್ಲ ಯಾರೋ ಯಾರಿಗೋ ಬಾ, ಹೋಗು, ನಡಿ, ನಿಲ್ಲು ಎಂದು ಕೂಗುತ್ತಿರುತ್ತಾರೆ. ಅದನ್ನೆಲ್ಲ ತನಗೇ ಎಂದುಕೊಂಡರೆ ನಾಯಿಯ ಗತಿ ಏನು? ನಮ್ಮ ಪೇಟೆಯಲ್ಲಿ ‘ನಡೀರಿ’ ಎಂದು ಮರ್ಯಾದೆಯಿಂದ ಹೇಳುವವರು ಅಪರೂಪ, ಹಾಗಾಗಿ ಗೊಂದಲವಿಲ್ಲ. ಇನ್ನೊಂದು ಕಾರಣವನ್ನು ದನಿ ತಗ್ಗಿಸಿ ಹೇಳಿದರು. “ನಾನು ಮುಂಗೋಪಿ ಕಣ್ರೀ. ಬಾಲಾ ಅಂದ್ರೆ ಕೈ ಎತ್ಬುಡ್ತೀನಿ. ಬನ್ನಿ ಅಂದ್ಮೇಲೆ ಎಂಗೆ ಒಡೆಯಾದು?” ಹಾಗಾದರೆ ಮನುಷ್ಯರಿಗೂ ಅದನ್ನೇ ಅನ್ವಯಿಸಬಹುದಲ್ಲ ಎಂದೆ. ಮನುಷ್ಯರಿಗೆ ತಿರುಗಿ ಹೊಡೆಯಲು ಕೈ ಇದೆ ಎಂದರು.

ನನಗೆಂದು ಗೊತ್ತುಮಾಡಿದ್ದು ಬೆಲ್ಲದ ಬಣ್ಣದ ಒಂದು ಲ್ಯಾಬ್ರಡಾರ್ ಹೆಣ್ಣುನಾಯಿ. ಹೆಸರು ಬೆಲ್ಲ, ಅವರ ಬಾಯಲ್ಲಿ ಬೆಲ್ಲಮ್ನೋರು. ಆದರೆ ಬೆಲ್ಲಮ್ಮನವರನ್ನು ನನ್ನ ಕೈಗೆ ಕೊಡುವ ಮೊದಲು ತಿಂಗಳುಗಟ್ಟಲೆ ನಾಯಿಯಾದದ್ದು ಮೇಷ್ಟ್ರೇ. ಆ ಕೆಲಸದ ಪದ್ಧತಿಯೇ ಹಾಗೆ. ನಾಯಿಯ ಮೈಗೆ ಕಟ್ಟುವ ಚರ್ಮದ ಬೆಲ್ಟನ್ನು ತರಬೇತಿ ಕೊಡುವವರು ತಮ್ಮ ಎರಡೂ ಕೈಯಲ್ಲಿ ಹಿಡಿದು ಮುಂದೆ ನಡೆಯಬೇಕು, ಅದರ ಹಿಡಿಯನ್ನು ನಾವು ಹಿಡಿದು ಹಿಂದೆ ಹೋಗಬೇಕು. ಆ ಬೆಲ್ಟನ್ನು ಹೊಲಿದುಕೊಟ್ಟವರು ಬಜಾರಿನ ಭಾಯಿ. ಸ್ಕೂಟರ್ ಸೀಟು, ಚೀಲ, ಚಪ್ಪಲಿ ಎಲ್ಲ ಹೊಲಿಯುವವರು. ನನ್ನ ತೋಳಿನ ಅಳತೆ ತೆಗೆದು ಹಿಡಿಯ ಉದ್ದ ಸರಿಮಾಡಿದ್ದರು. ನಾವಿಬ್ಬರೂ ಹಾಗೆ ಬಜಾರಿನಲ್ಲಿ ನಡೆದ ದೃಶ್ಯವನ್ನು ನನಗೆ ಬಣ್ಣಿಸಿದ್ದೂ ಅವರೇ. “ಮುಂದೆ ದೊಡ್ಡ ಮೀಸೆ, ಹಿಂದೆ ನೀವು ‘ನಡೀರಿ, ನಡೀರಿ’ ಅಂತ. ಗಿರಾಕಿ ಎಲ್ಲ ಕೆಲಸ ಬಿಟ್ಟು ನೋಡ್ತಿದ್ರು ಮೇಡಂ. ನಮ್ಮ ಹೆಂಗಸರು ಕೇಳಿದ್ರು, ಇವರಿಗೆ ಗಂಡನ್ನ ಹೀಗೆ ಪಳಗಿಸೋದು ಯಾರು ಕಲಿಸಿದ್ರು ಅಂತ.”

ಅಂಥ ಜಂಬದ ಮನುಷ್ಯನಿಗೆ ಪೇಟೆಯ ನಡುವೆ ನಾಯಿಯಾಗಲು ನಾಚಿಕೆಯಾಗಲಿಲ್ಲವೇ? ಆಗುತ್ತಿತ್ತು. ಗೊತ್ತಿದ್ದವರ ದನಿ ಕೇಳಿದರೆ ನಡಿಗೆ ಬಿರುಸಾಗುತ್ತಿತ್ತು, ಅದು ಹಿಡಿಯಲ್ಲಿ ನನಗೆ ತಿಳಿಯುತ್ತಿತ್ತು. ಒಮ್ಮೆ ಬಸ್ ಸ್ಟ್ಯಾಂಡಿನ ಹತ್ತಿರ ಇದ್ದಕ್ಕಿದ್ದಂತೆ ನಿಂತುಬಿಟ್ಟರು. “ನಡೀರಿ” ಎಂದೆ. ಕದಲಲಿಲ್ಲ. ಮತ್ತೆ ಹೇಳಿದೆ. ಇಲ್ಲ. ಯಾಕೆ ಎಂದು ಕೇಳಿದೆ. ನಾಯಿ ಮಾತಾಡುವುದುಂಟೇ? ಮಕ್ಕಳಿಗೆ ಗದರಿ ಅಭ್ಯಾಸವಾದ ನಾನು ರೇಗಿ, ಅವರನ್ನು ಬಳಸಿಕೊಂಡು ಒಂದು ಹೆಜ್ಜೆ ಮುಂದಿಟ್ಟೆ. ಕಾಲು ಮೋರಿಯಲ್ಲಿತ್ತು.

“ಈಗ ಮನ್ಸ ಆಗಿ ಮಾತಾಡ್ತೀನಿ” ಎಂದರು ಮೇಷ್ಟ್ರು, ನನ್ನನ್ನು ಎತ್ತುತ್ತ. “ಮಾತ್ ಕೇಳೋ ನಾಯಿ ಬೇಕಾದ್ರೆ ಬೀದೀಲಿ ಬೇಕಾದಷ್ಟವೆ, ಒಂದ್ ಬನ್ ಆಕಿ. ನಾನು ಕೊಡಾದು ಮಾತ್ ಕೇಳ್ದೆ ಇರೋ ನಾಯಿ. ಅದು ನಿಂತ್ರೆ ನೀವು ನಿಂತ್ಕಬೇಕು. ಯಾಕೆ ಅಂತ ಕೇಳಂಗಿಲ್ಲ.”

“ಮೊದಲೇ ಹೇಳಬಾರದಾಗಿತ್ತಾ?”

“ಯೋಳಿದ್ರೆ ನೀವು ನೋಟ್ಸ್ ಬರ್ಕತಿದ್ರಿ.”

ಕಾಡಿನಲ್ಲಿ ಜೀವಮಾನವೆಲ್ಲ ನಾಯಿಗಳಿಗೆ ಹೇಳಿದ್ದನ್ನು ಕೇಳುವುದನ್ನು ಕಲಿಸಿ, ಕೂದಲು ಬೆಳ್ಳಗಾದ ಮೇಲೆ ಕೇಳದಿರುವುದನ್ನು ಕಲಿಸಲು ಹೊರಟವರು ಅವರು. ಸ್ವತಃ ಅವರೇ ಯಾರ ಮಾತಿಗೂ ಇಲ್ಲ ಎನ್ನಲಾರದವರು. ಟ್ರಸ್ಟಿನವರು ಹೇಳಿದ್ದಕ್ಕೆ ಹೂಂ, ಹೆಂಡತಿ ಹೇಳಿದ್ದಕ್ಕೆ ಹೂಂ, ಬಂಧುಗಳು ಮದುವೆ ಊಟಕ್ಕೆ ನಿಂತು ಬಡಿಸು ಎಂದರೆ ಅದಕ್ಕೂ ಹೂಂ. ತನಗೆ ಬಾರದ ವಿದ್ಯೆಯನ್ನು ಇನ್ನೊಬ್ಬರಿಗೆ ಕಲಿಸಿ ಹೆಸರು ಮಾಡುವುದು ನಮ್ಮ ಕಸುಬಿನಲ್ಲಿ ಹೊಸದೇನಲ್ಲ, ಆದ್ದರಿಂದ ನಾನು ಹೆಚ್ಚು ಕೆಣಕಲಿಲ್ಲ.

ಬೆಲ್ಲಮ್ಮನವರನ್ನು ಒಪ್ಪಿಸಿದ ದಿನ ಬಹಳ ಮಾತಾಡಿದರು. ಇನ್ನು ಕೆಲವು ತಿಂಗಳು ತಾನು ನಾಯಿಯ ಕಣ್ಣಿಗೆ ಬೀಳಬಾರದು, ದನಿ ಕೇಳಿಸಬಾರದು, ವಾಸನೆಯೂ ತಾಗಬಾರದು. ಇಲ್ಲದಿದ್ದರೆ ಅದು ನನ್ನದಾಗುವುದಿಲ್ಲ ಎಂದು ವಿವರಿಸಿದರು. ಅನ್ನ ಹಾಕುವುದು ನಾನೇ, ಮೈ ಬಾಚುವುದು ನಾನೇ. ಕಾಕನಕೋಟೆಯ ಕಥೆ ಮತ್ತೆ ಶುರುಮಾಡಿದವರು ಆನೆ ಬರುವ ಮೊದಲೇ ನಿಲ್ಲಿಸಿ, ಬೆಲ್ಲಳಿಗೆ ಏನೂ ಹೇಳದೆ ಎದ್ದು ಹೋದರು. ಅವಳು ಎಷ್ಟೋ ಹೊತ್ತು ಬಾಗಿಲ ಬಳಿ ಕುಂಯ್‌ಗುಟ್ಟಿದಳು. ನನಗೂ ಕಷ್ಟವಾಯಿತು.

ಅಲ್ಲಿಂದ ಮುಂದೆ ನನ್ನ ವಿಜಯಯಾತ್ರೆ. ಮನೆಯಿಂದ ಬಜಾರು, ಬಜಾರಿನಿಂದ ಸರ್ಕಲ್ಲು, ಸರ್ಕಲ್ಲಿನಿಂದ ಶಾಲೆ. ನನ್ನ ಬಲಗೈ ನನ್ನದಾಯಿತು. ಎಡಗೈಯಲ್ಲಿ ಹಿಡಿ, ಬಲಗೈಯಲ್ಲಿ ಚೀಲ, ಯಾರೂ ಮುಟ್ಟುವಂತಿಲ್ಲ. ಅಣ್ಣ ಬಂದು ಒಂದು ದಿನ ಪೂರ್ತಿ ನೋಡಿದ. “ಸರಿ ಬುಡು. ಇದ್ಕಂಡೋಗು” ಎಂದ. ಅವನ ದನಿಯಲ್ಲಿ ಆ ಫ್ಯಾನಿನ ಬಗ್ಗೆ ಸ್ವಲ್ಪ ಬೇಸರವಿತ್ತು. ನಾನು ತರಗತಿಯಲ್ಲಿ ಸ್ವಾತಂತ್ರ್ಯ ಸಂಗ್ರಾಮದ ಪಾಠವನ್ನು ಆ ವರ್ಷ ಮಾಡಿದಷ್ಟು ಚೆನ್ನಾಗಿ ಯಾವತ್ತೂ ಮಾಡಿಲ್ಲ.

ಆಷಾಢ ಬಂತು. ನಮ್ಮ ಕಡೆ ಆಗ ಬ್ಯಾರನ್ನು ಎನ್ನುವ ಒಲೆಮನೆಗಳಲ್ಲಿ ಹೊಗೆಸೊಪ್ಪು ಬೇಯಿಸುವ ಕಾಲ, ಊರಿಗೆ ಊರೇ ಅದೇ ಘಾಟು. ಒಂದು ಬೆಳಿಗ್ಗೆ ಭಾಯಿಯ ಅಂಗಡಿಯ ಎದುರು ಬೆಲ್ಲ ಗಕ್ಕನೆ ನಿಂತಳು. “ನಡೀರಿ” ಎಂದೆ. ಇಲ್ಲ. ಮೋರಿಯ ಪಾಠ ನೆನಪಿದ್ದುದರಿಂದ ನಾನೂ ನಿಂತೆ. ಮುಂದೆ ಗುಂಡಿ ತೋಡಿರಬೇಕು, ಇಲ್ಲವೇ ಕರೆಂಟಿನ ತಂತಿ ಬಿದ್ದಿರಬೇಕು ಎಂದುಕೊಂಡೆ. ನಿಂತೇ ಇದ್ದೆ. ಹಿಂದಿನ ಗಾಡಿಗಳು ಹಾರನ್ ಹೊಡೆದವು, ಶಾಲೆಯ ಮಕ್ಕಳು ‘ಟೀಚರ್, ಲೇಟ್’ ಎಂದು ದಾಟಿಹೋದರು. ನನ್ನ ನಾಯಿಯ ವಿವೇಕಕ್ಕೆ ಹೆಮ್ಮೆಪಡುತ್ತ ನಾನು ಕಂಬದಂತೆ ನಿಂತಿದ್ದೆ. ಅವಳ ಬಾಲ ಮಾತ್ರ ನನ್ನ ಕಾಲಿಗೆ ಪಟಪಟ ಬಡಿಯುತ್ತಿತ್ತು. ಗುಂಡಿ ಕಂಡ ನಾಯಿ ಬಾಲ ಅಲ್ಲಾಡಿಸುವುದು ವಿಚಿತ್ರವಾಗಿ ಕಂಡಿತು.

“ಭಾಯಿ, ಮುಂದೆ ಏನಿದೆ?” ಎಂದು ಕೂಗಿದೆ.

ಭಾಯಿ ಅಂಗಡಿಯ ಮೆಟ್ಟಿಲಿಗೆ ಬಂದರು. “ಮುಂದೆ ಏನಿಲ್ಲ ಮೇಡಂ” ಎಂದರು. “ಅದು ಪಕ್ಕದಲ್ಲಿ ಅವ್ರನ್ನ ನೋಡ್ತಾ ಇದೆ.”

“ಯಾರನ್ನ?”

“ಇನ್ಯಾರನ್ನ. ಮೀಸೆಯವ್ರನ್ನ. ದಿನಾ ಬರ್ತಾರಲ್ಲ ನಿಮ್ಮ ಹಿಂದೆ.”

ದಿನಾ. ಮೊದಲ ದಿನದಿಂದಲೂ. ಪಡುವಲ ಗಾಳಿ ಬೀಸುವಾಗ ರಸ್ತೆಯ ಮೂಡಣ ಬದಿ ಹಿಡಿದು, ತನ್ನ ವಾಸನೆ ನಾಯಿಗೆ ತಾಗದಂತೆ, ಕಾಡಿನಲ್ಲಿ ಕಳ್ಳನ ಬೆನ್ನು ಹತ್ತುವವರ ಹಾಗೆ ನನ್ನ ಹಿಂದೆ ನಡೆದು ಬಂದು, ನಾನು ಶಾಲೆಯ ಗೇಟಿನೊಳಗೆ ಹೋದ ಮೇಲೆ ಟೀ ಕುಡಿದು ಹೋಗುತ್ತಿದ್ದರಂತೆ. ಆವತ್ತು ಮಳೆಮೋಡ ಬಂದು ಗಾಳಿ ತಿರುಗಿಬಿಟ್ಟಿತ್ತು. ಮನುಷ್ಯನ ಕಣ್ಣು ತಪ್ಪಿಸುವ ಗೋಜೇ ಅವರಿಗೆ ಇರಲಿಲ್ಲ. ತುಟಿಯ ಮೇಲೆ ಬೆರಳಿಟ್ಟು ಬಜಾರಿನವರನ್ನೆಲ್ಲ ಒಪ್ಪಿಸಿಟ್ಟಿದ್ದರು. ಹೂವಿನವಳಿಗೆ ಗೊತ್ತು, ಆಟೋದವರಿಗೆ ಗೊತ್ತು, ನಮ್ಮ ಏಳನೇ ತರಗತಿಗೆ ಗೊತ್ತು. ಗೊತ್ತಿಲ್ಲದವಳು ನಾನೊಬ್ಬಳೇ.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನಡುಬೀದಿಯಲ್ಲೇ ಬೈದೆ. “ಯಾರ ಕೈಯೂ ಹಿಡಿಯಬಾರದು ಅಂತ ತಾನೇ ನಾಯಿ ತಗೊಂಡದ್ದು? ಇದಕ್ಕಿಂತ ನೀವೇ ಕೈ ಹಿಡಿದು ಕರಕೊಂಡು ಹೋಗಬಹುದಿತ್ತಲ್ಲ? ನಮ್ಮಣ್ಣನಿಗೆ ನಾನು ಏನಂತ ಹೇಳಲಿ? ನಾಯಿ ಮೇಲೆ ನಂಬಿಕೆ ಇಲ್ಲವೋ, ನನ್ನ ಮೇಲೆ ಇಲ್ಲವೋ?” ಉತ್ತರವಿಲ್ಲ. ಕೊಡುವಂತೆಯೂ ಇರಲಿಲ್ಲ, ದನಿ ಕೇಳಿದರೆ ಬೆಲ್ಲ ಬೆಲ್ಟು ಕಿತ್ತುಕೊಂಡು ಓಡುವುದರಲ್ಲಿದ್ದಳು. ಆದ್ದರಿಂದ ಭಾಯಿ ತಮ್ಮ ಅಂಗಡಿಯಿಂದ ವರದಿ ಕೊಡತೊಡಗಿದರು.

“ತಲೆ ತಗ್ಗಿಸಿದ್ದಾರೆ ಮೇಡಂ.”

“ಇನ್ನು ಬರಬಾರದು ಅಂತ ಹೇಳಿ ಅವರಿಗೆ.”

“ಕೇಳಿಸ್ತು. ತಲೆ ಆಡಿಸ್ತಿದ್ದಾರೆ. ಕೈ ಮುಗೀತಿದ್ದಾರೆ.”

“ಆಣೆ ಮಾಡಲಿ.”

“ಮೀಸೆ ಮುಟ್ಟಿ ಮಾಡಿದ್ರು ಮೇಡಂ. ಹೊರಟ್ರು. ಹೋದ್ರು.”

ಅವರು ಬಾಯಿಯೇ ಬಿಡದೆ ಸೋತ ಜಗಳ ಬಹುಶಃ ಅದೊಂದೇ. ನಾನು ಬೈದದ್ದು ಸರಿ ಎಂದು ಇವತ್ತಿಗೂ ನಂಬಿದ್ದೇನೆ.

ಆದರೆ ಆಣೆಯನ್ನು ನಾನು ನಂಬಲಿಲ್ಲ. ಕಂಡೇ ಇಲ್ಲದ ಮೀಸೆಯ ಮೇಲಿನ ಆಣೆಗೆ ಏನು ಬೆಲೆ? ಒಂದು ಸಲ ಗಾಳಿ ಲೆಕ್ಕ ತಪ್ಪಿದವರು ಇನ್ನು ಇನ್ನಷ್ಟು ದೂರದಿಂದ ಬರುತ್ತಾರೆ, ಅಷ್ಟೇ. ಹಾಗಾಗಿ ದಿನವೂ ಬಜಾರಿನಲ್ಲಿ ಒಮ್ಮೆ ನಿಂತು, ಹಿಂದಕ್ಕೆ ಮುಖ ತಿರುಗಿಸಿ, “ಮನೆಗೆ ಹೋಗಿ ಮೇಷ್ಟ್ರೇ, ನಾಚಿಕೆಯಾಗಬೇಕು ನಿಮಗೆ” ಎಂದು ಗದರುವುದನ್ನು ರೂಢಿ ಮಾಡಿಕೊಂಡೆ. ಉತ್ತರ ಬರುತ್ತಿರಲಿಲ್ಲ. ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಬೈದು ಮುಗಿಸಿದರೆ ಮೈ ಹಗುರಾಗಿ ಸರ್ಕಲ್ ದಾಟಲು ಧೈರ್ಯ ಬರುತ್ತಿತ್ತು. ಬಸ್ಸುಗಳು ತಿರುಗುವ ಜಾಗ ಅದು, ಏನಾದರೂ ಎಡವಟ್ಟಾದರೆ ಆ ಮನುಷ್ಯ ಆಣೆ ಮುರಿದು ಹಾರಿ ಬರುತ್ತಾರೆ ಎಂದು ಒಳಗೊಳಗೇ ಎಣಿಕೆ. ಆ ಎಣಿಕೆಯ ಮೇಲೆಯೇ ಸಂತೆಗೆ ಹೋದೆ, ಲಕ್ಷ್ಮಣತೀರ್ಥದ ಸೇತುವೆ ದಾಟಿದೆ. ಒಂದು ಭಾನುವಾರ ಬಸ್ಸು ಹತ್ತಿ ಅಣ್ಣನಿಗೆ ಹೇಳದೆ ಕೆ.ಆರ್. ನಗರಕ್ಕೇ ಹೋಗಿ ಅವನ ಬಾಗಿಲು ತಟ್ಟಿದೆ. ಅಲ್ಲಿಯ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗಲೂ ಹಿಂದೆ ತಿರುಗಿ, “ಇಲ್ಲಿಗೂ ಬಂದಿರಾ?” ಎಂದು ಕೇಳಿದ್ದೆ. ಅಣ್ಣ ಆವತ್ತು ಆ ಮಂಚದ ಕೋಣೆಯನ್ನು ಮಗಳ ಓದಿಗೆ ಬಿಟ್ಟುಕೊಟ್ಟ.

ಹೋದ ತಿಂಗಳು, ಶಾಲೆಗೆ ರಜೆ ಇದ್ದು ನಾನು ಮನೆಯಲ್ಲೇ ಇದ್ದಾಗ, ಸುದ್ದಿ ಬಂತು. ಎದೆ ಹಿಡಿದುಕೊಂಡಿದೆ ಎಂದು ಜಗುಲಿಯ ಮೇಲೆ ಕೂತವರು ಮತ್ತೆ ಏಳಲಿಲ್ಲವಂತೆ. ಹನ್ನೊಂದನೆಯ ದಿನದ ಕಾರ್ಯಕ್ಕೆ ಟ್ರಸ್ಟಿನವರ ಗಾಡಿಯಲ್ಲಿ ಬೆಲ್ಲಳನ್ನು ಕರೆದುಕೊಂಡು ಹಾರನಹಳ್ಳಿಗೆ ಹೋದೆ. ಅವಳು ಹೊಸಿಲಲ್ಲಿದ್ದ ಅವರ ಚಪ್ಪಲಿಗಳನ್ನು ನಿಧಾನವಾಗಿ ಮೂಸಿ, ಬಂದು ನನ್ನ ಕಾಲಿನ ಮೇಲೆ ತಲೆಯಿಟ್ಟು ಮಲಗಿದಳು. ಅವರು ಇದ್ದಿದ್ದರೆ ಅದನ್ನು ಕಂಡು ಬೀಗುತ್ತಿದ್ದರು, ಆಮೇಲೆ ಹಿತ್ತಲಿಗೆ ಹೋಗಿ ಅಳುತ್ತಿದ್ದರು.

ಅವರ ಹೆಂಡತಿ ಬಂದು ಪಕ್ಕ ಕೂತರು. ನಾನು ಸಮಾಧಾನಕ್ಕೆಂದು, “ಅವರನ್ನು ದಿನಾ ಬೈಯ್ತಿದ್ದೆ ಅಕ್ಕಾ. ಅಷ್ಟು ಬೈದರೂ ಬಿಡದೆ ನನ್ನ ಹಿಂದೆ ಬರೋರು” ಎಂದೆ.

“ಯಾವಾಗ?” ಎಂದರು ಆಕೆ.

“ಮೊನ್ನೆ ಮೊನ್ನೆವರೆಗೂ.”

“ಇಲ್ಲ ಕಣ್ ಟೀಚರಮ್ಮ. ನೀವು ಬಜಾರಲ್ಲಿ ಬೈದ್ರಲ್ಲ ಆಸಾಡ್ದಲ್ಲಿ, ಆವತ್ತಿಂದ ಆ ಕಡಿಕ್ಕೆ ತಲೇನೇ ಆಕ್ನಿಲ್ಲ. ಕೋಟೇಲಿ ಒಬ್ಳು ಟೈಲರಮ್ಮ ಅವ್ಳೆ, ಕಾಲಿಲ್ಲ, ಕುರ್ಚಿ ಮೇಲೇ ಒಲಿಯಾದು. ಅವ್ಳ ನಾಯಿಗೆ ಕತ್ರಿ, ದಾರದುಂಡೆ ಎತ್ಕೊಡಾದ್ ಕಲಿಸ್ತೀನಿ ಅಂತ ವರ್ಸೆಲ್ಲ ಎಚ್.ಡಿ. ಕೋಟೆಗೇ ಓಯ್ತಿದ್ರು. ಹುಣಸೂರಲ್ಲಿ ಬಸ್ ಬದಲಾಯ್ಸೋವಾಗ್ಲೂ ಸ್ಟ್ಯಾಂಡ್ ಬುಟ್ಟು ಈಚೆ ಬತ್ತಿರ್ನಿಲ್ಲ. ‘ಆಣೆ ಮಾಡಿವ್ನಿ ಕಣೆ, ಆ ನಾಯೀನೂ ಆಯಮ್ಮಾನೂ ಗೆದ್ಕತಾರೆ ಬುಡು’ ಅನ್ನೋರು.”

ನಾನು ತಡಕಾಡಿ ಬೆಲ್ಲಳ ಹಿಡಿಯನ್ನು ಹಿಡಿದುಕೊಂಡೆ. ಸೇತುವೆ, ಸಂತೆ, ಸರ್ಕಲ್ಲು, ಕೆ.ಆರ್. ನಗರದ ಬಸ್ಸು ಎಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂದು, ಎಂದೋ ದಾಟಿದ ಅಪಾಯಕ್ಕೆ ಈಗ ಬೆವರು ಕಿತ್ತುಬಂತು. ಇಲ್ಲ ಎನ್ನಲು ಬಾರದ ಆ ಮನುಷ್ಯ ನನ್ನ ಮಾತಿಗೂ ಹೂಂ ಎಂದು, ಹಾಗೇ ನಡೆದುಕೊಂಡಿದ್ದರು.

ಮಾರನೆಯ ಬೆಳಿಗ್ಗೆ ರಜೆ ಮುಗಿದು ಶಾಲೆ ತೆರೆಯುತ್ತಿತ್ತು, ಗೇಟಿನ ಬಳಿ ನನ್ನ ಕಾಲು ಏಳಲಿಲ್ಲ. ಬೆಲ್ಲ ಸಿದ್ಧವಾಗಿದ್ದಳು. ದಾರಿ ಅದೇ, ಬೆಲ್ಟು ಅದೇ, ರಜೆಯ ಹಿಂದಿನ ದಿನದವರೆಗೂ ಹಾಡುತ್ತ ಹೋದವಳು ನಾನೇ. ಅಣ್ಣನಿಗೆ ಫೋನು ಮಾಡೋಣ ಎಂದು ಒಂದು ಕ್ಷಣ ಅನ್ನಿಸಿತು. ಮಾಡಿದ್ದರೆ ಮಧ್ಯಾಹ್ನದೊಳಗೆ ಕಾರು ಬರುತ್ತಿತ್ತು. ಮಾಡಲಿಲ್ಲ. “ನಡೀರಿ” ಎಂದದ್ದು ನನಗೇ ಕೇಳಿಸಲಿಲ್ಲ, ಬೆಲ್ಲಳಿಗೆ ಕೇಳಿಸಿತು.

ಬಜಾರಿನವರೆಗೂ ಹೆಜ್ಜೆ ಎಣಿಸುತ್ತ ನಡೆದೆ. ಭಾಯಿಯ ಮೆಷಿನ್ ಸದ್ದು ನಿಂತಿತು.

“ಏನ್ ಮೇಡಂ, ಇವತ್ತು ಹಿಂದೆ ತಿರುಗಿ ಬೈದಿಲ್ಲ ನೀವು?”

“ಹಿಂದೆ ಯಾರೂ ಇರಲಿಲ್ಲ ಅಂತ ನಿಮಗೆ ಗೊತ್ತಿತ್ತಾ ಭಾಯಿ, ಇಷ್ಟು ದಿನ?”

“ಗೊತ್ತಿತ್ತು.”

“ಒಂದು ಮಾತು ಹೇಳಬಾರದಿತ್ತಾ?”

“ಹೇಳಿದ್ರೆ ಸರ್ಕಲ್ ದಾಟ್ತಿದ್ರಾ ಮೇಡಂ?”

ನನಗೆ ಅಳು ಬಂತು. ಬಜಾರೆಲ್ಲ ನೋಡುತ್ತಿತ್ತೋ ಏನೋ, ತಡೆಯಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, “ಇಲ್ಲ ಭಾಯಿ” ಎಂದೆ. ಸರ್ಕಲ್ಲಿನ ಕಡೆ ಬಸ್ಸೊಂದು ತಿರುಗುವ ಸದ್ದು ಬಂತು. ಅದು ಹೋಗುವವರೆಗೂ ನಿಂತಿದ್ದು, ನಾವಿಬ್ಬರೇ ದಾಟಿದೆವು.